ಬೆಂಚಿನ ತುದಿ

ಹೂಸಾವಿಕ್‌ನ ಶಾಲೆಯಲ್ಲಿ ಇವತ್ತು ವೃತ್ತಿ ಪರಿಚಯದ ದಿನ.
ದೋಣಿಯ ಕಪ್ತಾನ ಟೋಪಿ ತಂದಿದ್ದಾನೆ,
ದಂತವೈದ್ಯೆ ಪ್ಲಾಸ್ಟಿಕ್ ದವಡೆ.
ನನ್ನ ಕೋಟಿನ ಜೇಬಿನಲ್ಲಿ ಒಂದು ಸುರುಳಿ ಟೇಪು ಇತ್ತು,
ಅದನ್ನೇ ಮೇಜಿನ ಮೇಲಿಟ್ಟೆ.

ಕೊನೆಯ ಸಾಲಿನ ಹುಡುಗಿ ಕೇಳಿದಳು:
'ಈ ಕೆಲಸಕ್ಕೆ ದಾರಿ ಯಾವುದು?'

ದಾರಿ!
ರೇಕ್ಯಾವಿಕ್‌ನಲ್ಲಿ ನಾಲ್ಕು ವರ್ಷ,
ಸತ್ತವರ ಮೊಣಕಾಲು ಬಿಡಿಸಿ
ಬದುಕಿದವರ ಮೊಣಕಾಲನ್ನು ಓದಲು ಕಲಿತೆ.
ಸರ್ಟಿಫಿಕೇಟಿನಲ್ಲಿರುವುದು ಅಷ್ಟು.

ಬೆರಳು ಕಲಿತದ್ದು ಮಾತ್ರ ಮೀನಿನ ಕಾರ್ಖಾನೆಯಲ್ಲಿ.
ನಾಲ್ಕು ಡಿಗ್ರಿ ಚಳಿಯಲ್ಲಿ ನಿಂತು ಕಾಡ್ ಮೀನು ಸೀಳುವ ಹೆಂಗಸರು
ಊಟದ ಬಿಡುವಿನಲ್ಲಿ, ಏಪ್ರನ್ ಕೂಡ ಬಿಚ್ಚದೆ,
ಬಲಭುಜ ನನಗೆ ಒಪ್ಪಿಸಿ ಕೂರುತ್ತಿದ್ದರು
ದರ್ಜಿಗೆ ಹರಿದ ಅಂಗಿ ಕೊಟ್ಟವರ ಹಾಗೆ.
ಕೂಲಿ: ಒಂದು ಪೊಟ್ಟಣ ಒಣಮೀನು, ಊರಿನ ಸುದ್ದಿ.
'ನೋವು ಹುಟ್ಟುವ ಜಾಗ ಒಂದು ಕಣೇ ಹ್ರೆಫ್ನಾ,
ಕೂಗುವ ಜಾಗ ಇನ್ನೊಂದು' ಅಂದವಳು
ಮೂರನೇ ಬೆಲ್ಟಿನ ಮುದುಕಿ ಗುಡ್ನಿ.
ಪುಸ್ತಕದಲ್ಲಿ ಅದಕ್ಕೆ ಹದಿನಾರು ಪುಟ ಇತ್ತು.

ಆಮೇಲೆ ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ತಂಡ.
ಮೊದಲ ಮೂರು ವರ್ಷ ಸಂಬಳವಿಲ್ಲ:
ಬಾಟಲಿ ತುಂಬುವವಳು, ಮಂಜುಗಡ್ಡೆ ಒಡೆಯುವವಳು,
ಬಸ್ಸಿನ ತಿರುವುಗಳಲ್ಲಿ ವಾಂತಿಯ ಚೀಲ ಹಿಡಿಯುವವಳು.
ಕೊನೆಗೆ ಬೆಂಚಿನ ತುದಿಯಲ್ಲಿ ಒಂದು ಅಂಗುಲ.
ಎಲ್ಲರೂ ಚೆಂಡು ನೋಡುತ್ತಾರೆ, ನಾನು ಪಾದ ನೋಡುತ್ತೇನೆ.
ಇಪ್ಪತ್ತು ವರ್ಷ, ಒಂದು ಗೋಲನ್ನೂ ಸರಿಯಾಗಿ ಕಂಡಿಲ್ಲ.

ಜೊತೆಗೆ ಓದಿದವರೇ?
ಒಬ್ಬ ಡೆನ್ಮಾರ್ಕಿನ ದೊಡ್ಡ ಕ್ಲಬ್ಬಿನಲ್ಲಿ
ಆಟಗಾರರ ನಿದ್ದೆಯನ್ನು ಪರದೆಯ ಮೇಲೆ ಅಳೆಯುತ್ತಾನೆ.
ಒಬ್ಬಳು ರಾಷ್ಟ್ರೀಯ ತಂಡದ ಹಿಂದೆ
ವಿಮಾನ ನಿಲ್ದಾಣಗಳಲ್ಲೇ ನರೆಯುತ್ತಿದ್ದಾಳೆ.
ಇನ್ನೊಬ್ಬ ಎಲ್ಲ ಬಿಟ್ಟು ಕುರಿ ಸಾಕಿದ;
ಕುರಿ ಕುಂಟಿದರೆ ನನಗೆ ಫೋನು.

ಮಕ್ಕಳು ನಕ್ಕರು. ಬ್ರಿಂಜಾಳ ಕತೆ ಹೇಳಬೇಕೋ ಬೇಡವೋ
ಅಂದುಕೊಳ್ಳುತ್ತಲೇ ಹೇಳಿಬಿಟ್ಟೆ.

ಸೆಮಿಫೈನಲ್. ಹತ್ತು ನಿಮಿಷ ಬಾಕಿ, ಸಮಸಮ.
ನೆಗೆದಳು, ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಿತು.
ಹದಿನೇಳು ಹೆಜ್ಜೆ ಓಡಿದೆ.
'ಬಿಗಿಯಾಗಿ ಕಟ್ಟು, ಹತ್ತೇ ನಿಮಿಷ' ಅಂದ ಕೋಚ್.
'ಕಟ್ಟಿ' ಅಂದಿತು ಅವಳ ಕಣ್ಣು. ಇಡೀ ಊರು ಗ್ಯಾಲರಿಯಲ್ಲಿ.
ಎರಡೂ ಕೈಯಲ್ಲಿ ಹಿಡಿದು ಎಳೆದೆ:
ಬೀಗವಿಲ್ಲದ ಖಾನೆಯಂತೆ ಮೂಳೆ ಮುಂದೆ ಜಾರಿ ಬಂತು.
'ಇಲ್ಲ' ಅಂದೆ.

ಒಂದೇ ಗೋಲಿನಿಂದ ಸೋತೆವು.
ಎರಡು ವಾರ ಬೇಕರಿಯವನು ಚಿಲ್ಲರೆಯನ್ನು
ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟ.

ಆಪರೇಷನ್ ಆಯಿತು. ಆಮೇಲೆ ಚಳಿಗಾಲವಿಡೀ
ಬೆಳಗಿನ ಆರಕ್ಕೆ, ಹೊರಗೆ ಕತ್ತಲೆ,
ಬ್ರಿಂಜಾ ಒಂಟಿ ಕಾಲಲ್ಲಿ ನಿಂತು ನನ್ನನ್ನು ಬೈದಳು.
ಇನ್ನೂರ ನಲವತ್ತೊಂದನೇ ದಿನ ನೆಗೆದು ಇಳಿದಳು,
ಬೆಕ್ಕು ಇಳಿದ ಹಾಗೆ, ಸದ್ದಿಲ್ಲ.
ಆ ಸದ್ದಿಲ್ಲದ್ದನ್ನು ಕೇಳಿದವರು ಇಬ್ಬರೇ:
ನಾನು, ಮತ್ತು ನೆಲ ಒರೆಸುತ್ತಿದ್ದ ಪೋಲೆಂಡಿನ ಹಲೀನಾ.
ಅವಳು ಕೋಲು ನಿಲ್ಲಿಸಿ ತಲೆಯಾಡಿಸಿದಳು.

'ಸಂಬಳ ಎಷ್ಟು?' ಅಂದ ಕಿಟಕಿ ಬಳಿಯ ಹುಡುಗ.
ಹೇಳಿದೆ. ಅವನು ದಂತವೈದ್ಯೆಯ ಕಡೆ ತಿರುಗಿ ಕೂತ.

ಗಂಟೆ ಹೊಡೆಯಿತು. ಬೆಂಚುಗಳ ಗದ್ದಲ.
ದಾರಿ ಕೇಳಿದ ಹುಡುಗಿ ಬಾಗಿಲಿನತ್ತ ನಡೆದಳು,
ಎಡ ಹಿಮ್ಮಡಿ ಒಂದು ಎಳೆಯಷ್ಟು ತಡವಾಗಿ ಏಳುತ್ತಿತ್ತು.

'ನಿಲ್ಲು' ಅಂದೆ.
'ಬೂಟು ಬಿಚ್ಚು.'