ಗಂಟು

ಹನ್ನೊಂದು ವರ್ಷ. ಊಟವಾದ ಮೇಲೆ ಒಂದು,
ಮಲಗುವ ಮುಂಚೆ ಒಂದು.
"ಇನ್ನು ಸಾಕು ದೊಸಿಂದಾ, ಮೂತ್ರಪಿಂಡ ಸೋತಿದೆ"
ಎಂದರು ಹೊಸ ಡಾಕ್ಟರು, ಕಾಗದ ನೋಡುತ್ತ.

ಮೊದಲ ನಾಲ್ಕು ದಿನ ಏನೂ ಇಲ್ಲ.
ಗೆದ್ದೆನೆಂದು ಬೀಗಿ
ಮೀನಿನ ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಿದೆ.

ಐದನೆಯ ಬೆಳಗು ಬಂತು, ಹೆಬ್ಬೆರಳ ಬುಡಕ್ಕೆ,
ಹಳೆಯ ಬಾಡಿಗೆದಾರನಂತೆ, ಬಾಗಿಲು ತಟ್ಟದೆ;
ಬೀಗದ ಕೈ ಅವನ ಬಳಿಯೇ ಇತ್ತಲ್ಲ.
ಆಮೇಲೆ ಮಂಡಿ. ಆಮೇಲೆ ಸೊಂಟ.
ಆಮೇಲೆ, ಎಲ್ಲಿತ್ತೋ ಏನೋ, ಎಡ ಭುಜ.
ಅದನ್ನಂತೂ ಮರೆತೇ ಬಿಟ್ಟಿದ್ದೆ.

ಬುರೆಲಾ ಬಂದರಿನ ಗೋದಾಮಿನಲ್ಲಿ
ಹರಿದ ಬಲೆ ಹೊಲಿಯುವ ನಾವು ಐವರು,
ಹಸಿರು ನೈಲಾನಿನಲ್ಲಿ ಸೊಂಟದವರೆಗೆ ಹೂತು.
ನಾನು ಒಂದು ಗಂಟು ಹಾಕುವಷ್ಟರಲ್ಲಿ
ಎರ್ಮಿತಾಸಳದು ಮೂರು.
ನೋಡಿಯೂ ನೋಡದವಳ ಹಾಗೆ
ದೊಡ್ಡ ತೂತನ್ನು ತನ್ನ ಕಡೆಗೆ ಎಳೆದುಕೊಂಡಳು.
ಅದು, ನೋವಿಗಿಂತ ನೋಯಿತು.

ರಾತ್ರಿ ಬಿಸಿನೀರ ಬೋಗುಣಿಯಲ್ಲಿ ಎರಡೂ ಕೈ.
ಬೆರಳ ಗಂಟು ಎಣಿಸುತ್ತೇನೆ:
ಯಾವುದು ನಾನು ಹಾಕಿದ್ದು,
ಯಾವುದು ನನಗೆ ಬಿದ್ದದ್ದು?
ಡಬ್ಬಿ ಕಿಟಕಿಯಲ್ಲೇ ಇದೆ. ಆರು ಮಾತ್ರೆ.
ಎಸೆದಿಲ್ಲ. ಎಸೆಯುತ್ತೇನೆಂದು ಹೇಳಿಯೂ ಇಲ್ಲ.

ಇಪ್ಪತ್ತೆರಡನೆಯ ದಿನ
ತೆಂಕಣ ಗಾಳಿಯ ಸುದ್ದಿ ಮಂಡಿಯೇ ತಂದಿತು.
ಇಷ್ಟು ವರ್ಷ ಹವಾಮಾನಕ್ಕೆ ರೇಡಿಯೋ ಕೇಳುತ್ತಿದ್ದವಳು
ಗತ್ತಿನಿಂದ ಹೇಳಿದೆ ಎರ್ಮಿತಾಸಳಿಗೆ:
ನಾಳೆ ಒಂದು ದೋಣಿಯೂ ಹೊರಡಲ್ಲ, ನೋಡ್ತಿರು.

ಎಲ್ಲವೂ ಹೊರಟವು, ಎಳೆಬಿಸಿಲಲ್ಲಿ.

ಇರಲಿ. ಹನ್ನೊಂದು ವರ್ಷ ಬಾಯಿ ಮುಚ್ಚಿಸಿದ್ದ ಮಂಡಿ,
ಮಾತಿನ ಅಭ್ಯಾಸ ತಪ್ಪಿರಬೇಕು.