ಹೆಪ್ಪು

ರಾತ್ರಿ ಎರಡೂವರೆಗೆ ಗೋರೆಗಾಂವ್‌ನಲ್ಲಿ
ಬೆಳಗು ಮಾಡುವವನು ನಾನು.
ಸೆಟ್ಟಿನ ಕಿಟಕಿಯಾಚೆ ಐದು ಕಿಲೋವಾಟಿನ ದೀಪ, ಮುಂದೆ ಬಟರ್ ಪೇಪರ್,
ಎಲೆಯ ನೆರಳು ಬೇಕೆಂದರೆ ಲಾಲ್‌ಸಾಬ್ ಕೊಂಬೆ ಹಿಡಿದು ನಿಲ್ಲುತ್ತಾನೆ.
ಧಾರಾವಾಹಿಯ ಸೊಸೆ ಮೈಮುರಿದು ಏಳುತ್ತಾಳೆ,
ಹದಿನಾಲ್ಕು ಸಲ.
"ಕಾಂಚನ್ ದಾದಾ, ಇನ್ನೊಂಚೂರು ಎಳೆಬಿಸಿಲು" ಅಂದರೆ
ಅದೂ ಇದೆ ನನ್ನಲ್ಲಿ, ಹಳದಿ ಹಾಳೆ.

ಆಮೇಲೆ ಸ್ಲೋ ಲೋಕಲ್ಲು.
ಅಸಲಿ ಸೂರ್ಯ ರಾಮಮಂದಿರ ಸ್ಟೇಷನ್ನಿನ ತಗಡು ಹತ್ತುವಾಗ
ಸಿಟ್ಟು ಬರುತ್ತದೆ, ತಡವಾಗಿ ಬಂದ ಬದಲಿ ಆಳಿನ ಮೇಲೆ ಬರುವಂಥದ್ದು.
ಜೋಗೇಶ್ವರಿಯ ಖೋಲಿ. ಚಾಪೆ.
ಕಣ್ಣು ಮುಚ್ಚಿದರೆ ಒಳಗೂ ಶೂಟಿಂಗು.

ಒಂದು ಮಧ್ಯಾಹ್ನ ತಟ್ಟೆಯಲ್ಲಿ ಬಂಗುಡೆಯ ಬಾಲ ಮುರಿದಿತ್ತು.
ಅಷ್ಟಕ್ಕೇ ಅತ್ತೆ.
ವಾರಿಜ ಏನೂ ಕೇಳಲಿಲ್ಲ, ಮುಳ್ಳು ಬಿಡಿಸಿ ಕೊಟ್ಟಳು.

ಡಾಕ್ಟರ್ ನೇರೂರ್ಕರ್ ಚೀಟಿಯ ಬೆನ್ನಿಗೆ ಒಂದು ತಲೆ ಬರೆದರು,
ನಡುವೆ ಚುಕ್ಕೆ. ತೊಗರಿಕಾಳಿನಷ್ಟು ಗ್ರಂಥಿಯಂತೆ.
ಹಗಲಿಡೀ ಮಿದುಳು ಹಾಲು ಕಾಯಿಸುತ್ತದೆ,
ಮನಸ್ಸಿನ ಗೆಲುವು ಅದರ ಕೆನೆ. ಕತ್ತಲಾದರೆ
ಅದೇ ಹಾಲಿಗೆ ಈ ಕಾಳು ಹೆಪ್ಪು ಹಾಕುತ್ತದೆ.
ಹಾಲು, ಹೆಪ್ಪು ನನ್ನ ಮಾತು;
ಅವರು ಅಂದದ್ದು ಸೆರೊಟೋನಿನ್, ಮೆಲಟೋನಿನ್.
ವಾರಿಜಳಿಗೆ ಹೇಳುವಾಗ ನಾಲಗೆ ತೊಡರಿ ಹೀಗಾಯಿತು.
ಕಣ್ಣೊಳಗೆ ಕೆಲವು ಕಣಗಳಿವೆಯಂತೆ, ನೋಡಲಿಕ್ಕಲ್ಲ,
ಬೆಳಕಿದೆ ಎಂದು ಮಿದುಳಿಗೆ ಚಾಡಿ ಹೇಳಲಿಕ್ಕೆ.
ನಿಮ್ಮ ಸೂರ್ಯ ನಕಲಿ ಅಂತ
ಅವಕ್ಕೆ ಯಾರು ಹೇಳಬೇಕು, ಎಂದು ನಕ್ಕರು.

ಈಗ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿ ಮನೆಗೆ ಬರುತ್ತೇನೆ.
ಚಾಳಿನ ಹುಡುಗರು ಹೀರೋ ಅನ್ನುತ್ತಾರೆ.
ಕಿಟಕಿಗೆ ಸೆಟ್ಟಿನ ಹಳೇ ಕಪ್ಪು ಬಟ್ಟೆ;
ಅದರ ಮೊಳೆತೂತಿನಿಂದ ಒಂದೆಳೆ ಬಿಸಿಲು
ಹತ್ತೂಕಾಲಿಗೆ ಸರಿಯಾಗಿ ವಾರಿಜಳ ಬಾಚಣಿಗೆ ಮೇಲೆ.
ಅದನ್ನು ಮುಚ್ಚಿಲ್ಲ.
ನಿದ್ದೆ ಕೆಲವು ದಿನ ಗಟ್ಟಿ, ಕೆಲವು ದಿನ ನೀರು ನೀರು.

ಮೊನ್ನೆ ಜನರೇಟರ್ ಕೈಕೊಟ್ಟಿತು.
ಆರೆ ಕಾಡಿನ ಕತ್ತಲು ಪಾಸು ತೋರಿಸದೆ ಒಳಗೆ ಬಂತು.
ಮೊದಲು ಬೈಗುಳ, ಆಮೇಲೆ ಮೊಬೈಲುಗಳು, ಆಮೇಲೆ ಅವೂ ಇಲ್ಲ.
ಟಾರ್ಚು ಹಾಯಿಸಿದೆ:
ಸೊಸೆ ನಾಟಕದ ಮಂಚದಲ್ಲಿ ನಿಜವಾಗಿ ಮಲಗಿದ್ದಾಳೆ, ಬಾಯಿ ತೆರೆದು.
ಅವಳ ಕಾಲಬಳಿ ಅತ್ತೆ, ಒಡವೆ ಸಮೇತ.
ಲಾಲ್‌ಸಾಬ್ ಕೊಂಬೆಯನ್ನು ತಬ್ಬಿಕೊಂಡು.
ಟಾರ್ಚು ಆರಿಸಿದೆ.

ಜನರೇಟರ್ ಕೆಮ್ಮಿ ಎದ್ದಿತು. ಹೊರಗಿಂದ ಕೂಗು: ದಾದಾ, ಹಾಕು!
ಕೈ ಸ್ವಿಚ್ಚಿನ ಮೇಲೇ ಇತ್ತು.
ಹೆಪ್ಪು ಹಾಕಿದ ಪಾತ್ರೆಯನ್ನು ಯಾರು ಅಲುಗಿಸುತ್ತಾರೆ.

"ಫ್ಯೂಸ್ ನೋಡ್ತಾ ಇದ್ದೇನೆ" ಎಂದೆ,
ಆದಷ್ಟು ಮೆಲ್ಲಗೆ.