ಅಂಗಾಲು

ಶ್ರಮೆಯ ನಲವತ್ತು ದಿನಗಳಲ್ಲಿ ಅದು ಇಪ್ಪತ್ತಾರನೆಯದು.
ಬೆಟಗೇರಿಯ ಮಗ್ಗಗಳು ಬಿಸಿಲಿಗೆ ಬೇಸತ್ತು
ಒಂದೊಂದಾಗಿ ಸದ್ದು ನಿಲ್ಲಿಸುತ್ತಿದ್ದವು.
ಬಿಳಿ ಅಂಗಿಯ ಗುಂಡಿ ಕೊರಳತನಕ ಹಾಕಿ
ಮಿಷನ್ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ
ಹಾಸಿಗೆಯಿಂದ ಹಾಸಿಗೆಗೆ ಪ್ರಾರ್ಥನೆ ಹಂಚುತ್ತಿದ್ದೆ.
ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನಿಲ್ಲ;
ಅದಕ್ಕೊಂದು ಹೆಮ್ಮೆ, ಒಳಗೊಳಗೇ.

ಏಳನೆಯ ಮಂಚದಲ್ಲಿ ನೇಕಾರ ಚೌಡಪ್ಪ.
"ನಮ್ಮ ದೇವರು ಬ್ಯಾರೆ ಇರಬೌದ್ರಿ ಅಯ್ಯನಾರ,
ನೋವು ಒಂದ ನೋಡ್ರಿ" ಅಂದು ಕೈಮುಗಿದ.
ಅವನ ಹಣೆಯ ಮೇಲೆ ಕೈಯಿಟ್ಟೆ.
"ಮಣ್ಣಿನ ಈ ದೇಹ..." ಎಂದು ಶುರುವಾಗುವ ಹಳೆಯ ವಾಕ್ಯ,
ಮದುವೆಗೂ ಮಣ್ಣಿಗೂ ಒಂದೇ ಕೋಟು ಹಾಕುವವನಂತೆ
ಮಂಚದ ಬಳಿಯೂ ಗೋರಿಯ ಬಳಿಯೂ ನಾನು ಬಳಸಿದ್ದು,
ಅವತ್ತು ಮುಗಿಯಲಿಲ್ಲ.
ಫ್ಯಾನು ನನ್ನ ಕಾಲಡಿಗೆ ಬಂದು ತಿರುಗಿತು.

ಎಚ್ಚರಾದಾಗ ಬಾಯಲ್ಲಿ ಸಕ್ಕರೆ,
ಬೆನ್ನ ಕೆಳಗೆ ಫಿನೈಲಿನ ನೆಲ,
ಮುಖದ ಮೇಲೆ ಬಾಗಿದ ಆಯಾ ದೀನಮ್ಮ.
ಗುಡಿಯಲ್ಲಿ ಅವಳದು ಕೊನೆಯ ಬೆಂಚು,
ನನ್ನ ಪ್ರಸಂಗಕ್ಕೆ ತಪ್ಪದೆ ತೂಕಡಿಸುತ್ತಾಳೆ.
"ಸಕ್ಕರಿ ಬ್ಯಾನಿ ಇಟಗೊಂಡು ಉಪಾಸ!
ಯಾರಿಗೆ ತೋರ್ಸಾಕ ಹೊಂಟೀರಿ?"

ಶೂ ಬಿಚ್ಚಿದಳು. ಕಾಲುಚೀಲ ಬರಲಿಲ್ಲ,
ಅಂಟಿತ್ತು. ಸಲೈನು ಹನಿಸಿ ಹನಿಸಿ ಸಡಿಲಿಸಿದಳು.
ಕಿರುಬೆರಳ ಬುಡದಲ್ಲಿ ಒಂದು ಕಪ್ಪು,
ಹಳೆಯ ಎಂಟಾಣೆಯಷ್ಟಗಲ.
ಇನ್ನಾರದೋ ಕಾಲೆಂಬಂತೆ ನೋಡಿದೆ.
ನೋವಿರಲಿಲ್ಲ. ಸುದ್ದಿ ತರುವ ಆ ಆಳು
ಕೂಗಿ ಕೂಗಿ ಯಾವಾಗಲೋ ಮನೆ ಬಿಟ್ಟಿದ್ದ.

"ಕಾಲ ನೋಡಿಕೊಂಡು ಎಷ್ಟ ದಿನಾತ್ರಿ?"
ಆರಾಧನೆ, ಮನೆಭೇಟಿ, ಮುಳಗುಂದದಲ್ಲಿ ಒಂದು ಮಣ್ಣು...
"ಅಲ್ಲೆಲ್ಲಾ ನಿಮ್ಮನ್ನ ಹೊತಗೊಂಡು ಹೋದದ್ದು ಯಾರು?"
ಸೋತವನ ಜಂಬದಲ್ಲಿ ಅಂದೆ:
ಮಣ್ಣು ತಾನೇ ದೀನಮ್ಮಾ, ಮಣ್ಣಿಗೇ ಹೋಗುತ್ತದೆ.
ಕೀವು ಒತ್ತುತ್ತಿದ್ದವಳು ತಲೆ ಎತ್ತಲಿಲ್ಲ.
"ಮಣ್ಣ ಖರೇ. ಆದ್ರ ಕೈ ರಾಡಿ ಮಾಡಿಕೊಂಡು
ಅದನ್ನ ತಟ್ಟಿದ್ದು ಯಾರ್ರಿ?
ಮೂಗಿಗೆ ಬಾಯಿ ಹಚ್ಚಿ ಊದಿದಾಂವ ಯಾರು?
ಹೇಸಿಗಿ ಅನಿಸಿದ್ದರ ದೂರ ನಿಂತ ಊದತಿದ್ದ."

ಚೌಡಪ್ಪ ನಕ್ಕ, ಕೆಮ್ಮಿದ, ಮತ್ತೆ ನಕ್ಕ.

ಅವಳ ಡಬ್ಬಿ ತೆರೆಯಿತು:
ಮೆತ್ತನೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ,
ಮೂಲೆಯಲ್ಲಿ ಚಿಟಿಕೆ ಶೇಂಗಾ ಹಿಂಡಿ.
ಉಪವಾಸ, ಅಂದೆ.
"ಸಾಯ್ತೀನಿ ಅಂತ ಅಡವ್ಯಾಗ ಗಿಡದ ಬುಡಕ ಮಲಗಿದ್ನಲ್ಲ,
ಆ ಪ್ರವಾದಿಗೆ ದೂತ ಮೊದಲ ಏನ ಕೊಟ್ಟ? ಪ್ರಸಂಗ?"
(ಆ ಭಾನುವಾರ ತೂಕಡಿಸಿರಲಿಲ್ಲ ಹಾಗಾದರೆ.)
ರೊಟ್ಟಿ, ಅಂದೆ. ಒಂದು ತಂಬಿಗೆ ನೀರು.
ಮತ್ತೆ ನಿದ್ದೆ, ಮತ್ತೆ ರೊಟ್ಟಿ.
ಬೆಟ್ಟ ಆಮೇಲೆ. ಆ ಸಣ್ಣ ದನಿ ಇನ್ನೂ ಆಮೇಲೆ.
"ಮತ್ತ?" ಅಂದಳು.

ತಿಂದೆ. ಎರಡನೆಯ ತುತ್ತಿಗೆ ನಾಲಿಗೆ ಖಾರ ಗುರುತಿಸಿತು.
ಊಟದ ಪ್ರಾರ್ಥನೆ ಮರೆತದ್ದು
ಮೂರನೆಯದಕ್ಕೆ ನೆನಪಾಯಿತು.

ಬೆರಳು ಉಳಿಯಲಿಲ್ಲ.
ಪುನರುತ್ಥಾನದ ಭಾನುವಾರ ಕುರ್ಚಿಯಲ್ಲಿ ಕೂತು,
ಎದ್ದು ಬಂದ ಮೇಲೂ ಗಾಯ ಅಳಿಸಿಕೊಳ್ಳದವನು
ತಿನ್ನಲು ಏನಿದೆ ಎಂದು ಕೇಳಿದ್ದನ್ನಷ್ಟೇ ಹೇಳಿದೆ.
ಚಿಕ್ಕ ಪ್ರಸಂಗ. ಆದರೂ ದೀನಮ್ಮ ತೂಕಡಿಸಿದಳು.

ಈಗ ರಾತ್ರಿ ಊಟವಾದ ಮೇಲೆ
ಬುಟ್ಟಿಯಲ್ಲಿ ನೀರು, ಬಿಸಿ ನೋಡಲು ಮೊಣಕೈ,
ನಾಲ್ಕು ಬೆರಳ ಸಂದಿಗೆ ಹಳೆಯ ಧೋತರದ ತುಂಡು.
ಆಮೇಲೆ ಹೆಂಡತಿಯ ಕೈಗನ್ನಡಿ ನೆಲಕ್ಕಿಟ್ಟು
ಬಾಗುತ್ತೇನೆ. ಅಂಗಾಲು ಬೇರೆ ಹೇಗೂ ಕಾಣುವುದಿಲ್ಲ.
ಎರೆಹೊಲದಂತೆ ಬಿರುಕು ಬಿಟ್ಟ ಒಂದು ಪರಕೀಯ ನೆಲ,
ಅದರ ಹಿಂದೆ ಬಲ್ಬಿನ ಬೆಳಕು.
ಕೆಲವು ರಾತ್ರಿ ಪ್ರಾರ್ಥನೆ ಅಲ್ಲಿಂದಲೇ ಶುರುವಾಗುತ್ತದೆ.
ಕೆಲವು ರಾತ್ರಿ ಬರೀ ಸೊಂಟ ನೋಯುತ್ತದೆ.